ರಾಡಾರಿನ ಬ್ಯಾಂಡುಗಳೂ ಗಬ್ಬೂರ ಬೈಪಾಸೂ

ಗೃಹಸ್ಥರ ಪ್ರಶ್ನೋತ್ತರ

ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಬಹುತರವು ಅಡಿಗೆಮನೆ, ದೀಪದ ಬಿಲ್ಲು, ಮಳೆಗಾಲದಲ್ಲಿ ಗೋಡೆಗಿಳಿಯುವ ನೀರು, ಮಕ್ಕಳ ಅಭ್ಯಾಸ ಮುಂತಾದ ವಿಷಯಗಳನ್ನು ಕುರಿತವಾಗಿರುವವು. ಕಳೆದ ತಿಂಗಳು ಹುಬ್ಬಳ್ಳಿಯ ಮಗ್ಗುಲಿನ ಗಬ್ಬೂರದಿಂದ ಬಂದ ಪತ್ರವು ಇವೆಲ್ಲಕ್ಕಿಂತ ಬೇರೆ ತರದ್ದು. ಬರೆದವರು ವಯಸ್ಸಾದ ಗೃಹಸ್ಥರು. ಅವರ ತಮ್ಮನ ಮಗನು ಅಮೇರಿಕದಲ್ಲಿ ನೌಕರಿಯಲ್ಲಿದ್ದು, ಗಣೇಶ ಚೌತಿಗೆ ಊರಿಗೆ ಬಂದಾಗ ಇವರ ಮಗನಿಗೆ ಒಂದು ‘ರಾಡಾರ್ ಡಿಟೆಕ್ಟರ್’ ತಂದು ಕೊಟ್ಟಿದ್ದಾನೆ. ಅಂಗೈಯಗಲದ ಕರಿಯ ಪೆಟ್ಟಿಗೆ. ಮೋಟಾರಿನ ಮುಂಗಾಜಿಗೆ ಅಂಟಿಸುವಂಥಾದ್ದು. ಪೊಲೀಸರು ವೇಗ ಅಳೆಯುವ ಯಂತ್ರದ ತರಂಗವು ತಾಗಿದೊಡನೆ ಕೂಗಿ ಎಚ್ಚರಿಸುವಂಥಾದ್ದು.

ಗೃಹಸ್ಥರು ಬರೆಯುತ್ತಾರೆ: “ಎಕ್ಸ್, ಕೆ, ಕೆ-ಎ, ಲೇಸರ್ ಎಂದು ಇದರಲ್ಲಿ ನಾಲ್ಕೈದು ಬ್ಯಾಂಡುಗಳಿವೆ. ಒಂದೊಂದನ್ನೂ ಬೇರೆ ಬೇರೆಯಾಗಿ ತೆರೆಯಬಹುದು, ಮುಚ್ಚಬಹುದು. ನಮ್ಮ ಕಡೆಯ ಪೊಲೀಸರಿಗೆ ತಕ್ಕಂತೆ ಯಾವದನ್ನು ಇಡಬೇಕು, ಯಾವದನ್ನು ಬಿಡಬೇಕೆಂಬುದನ್ನು ತಿಳಿಸಬೇಕು. ಈಗಾಗಲೇ ಎರಡು ಸಲ ದಂಡದ ನೋಟೀಸು ಮನೆಗೆ ಬಂದಿದೆ.”

ಪತ್ರವು ಇಲ್ಲಿಗೇ ಮುಗಿದಿದ್ದರೆ ನಾಲ್ಕು ಸಾಲಿನ ಉತ್ತರ ಬರೆದು ಮುಗಿಸಬಹುದಾಗಿತ್ತು. ಆದರೆ ಹಾಳೆಯ ಕೆಳಗಡೆಯಲ್ಲಿ ಬೇರೊಂದು ಕೈಬರಹದಲ್ಲಿ ಮೂರು ಸಾಲುಗಳಿದ್ದವು. ಅವು ಮನೆಯ ಯಜಮಾನಿಯವರವು: “ಅದು ಕೂಗಿದಾಗೊಮ್ಮೆ ನಮ್ಮ ಹುಡುಗ ಗಕ್ಕನೆ ಬ್ರೇಕ್ ಹಾಕತಾನ್ರಿ. ಹಿಂದ ಲಾರಿ ಇರತಾವ. ನನ್ನ ಜೀವ ಬಾಯಿಗೆ ಬರತದ. ಇದಕ್ಕೂ ಒಂದು ಉಪಾಯ ಇದ್ದರ ಬರೀರಿ.”

ಪ್ರಶ್ನೆಗಳು ಎರಡಾದವು. ಯಜಮಾನರದನ್ನು ಮೊದಲು ತೆಗೆದುಕೊಳ್ಳುವೆನು; ಯಜಮಾನಿಯವರದನ್ನು ಕೊನೆಗೆ.

ರಾಡಾರೆಂದರೆ ರೇಡಿಯೋ ತರಂಗವನ್ನು ಎಸೆದು, ಎದುರಿನ ವಸ್ತುವಿಗೆ ತಾಗಿ ಮರಳಿದ ಅದರ ಪ್ರತಿಧ್ವನಿಯನ್ನು ಹಿಡಿಯುವ ಯಂತ್ರ. ಹುಬ್ಬಳ್ಳಿಯ ರೇಲ್ವೆ ನಿಲ್ದಾಣದಲ್ಲಿ ನಿಂತವರೆಲ್ಲರೂ ಒಂದು ಸಂಗತಿಯನ್ನು ಅನುಭವಿಸಿರುವರು. ನಿಲ್ಲದೆ ಸಾಗುವ ಗಾಡಿಯು ನಮ್ಮ ಕಡೆಗೆ ಬರುತ್ತಿರುವಾಗ ಅದರ ಶಿಳ್ಳಿನ ಸ್ವರವು ಏರಿರುತ್ತದೆ. ನಮ್ಮನ್ನು ದಾಟಿ ಹೋದೊಡನೆ ಆ ಸ್ವರವು ಇಳಿಯುತ್ತದೆ. ಗಾಡಿಯ ವೇಗ ಹೆಚ್ಚಾದಷ್ಟೂ ಈ ಏರಿಳಿತವೂ ಹೆಚ್ಚು. ಆಸ್ಟ್ರಿಯಾ ದೇಶದ ಕ್ರಿಶ್ಚಿಯನ್ ಡಾಪ್ಲರ್ ಎಂಬ ವಿದ್ವಾಂಸನು ೧೮೪೨ರಲ್ಲಿ ಈ ತತ್ವವನ್ನು ಲೋಕದ ಮುಂದಿಟ್ಟನು. ರೇಡಿಯೋ ತರಂಗಕ್ಕೂ ಇದೇ ನಿಯಮವು ಅನ್ವಯಿಸುತ್ತದೆ. ಎಸೆದ ತರಂಗವು ಓಡುವ ಮೋಟಾರಿಗೆ ತಾಗಿ ಮರಳಿದಾಗ ಅದರ ಕಂಪನಗಳ ಸಂಖ್ಯೆಯು ಕೊಂಚ ಬದಲಾಗಿರುತ್ತದೆ; ಆ ಬದಲಾವಣೆಯನ್ನು ಎಣಿಸಿದರೆ ವೇಗವು ದೊರೆಯುತ್ತದೆ. ಎರಡನೆಯ ಮಹಾಯುದ್ಧದಲ್ಲಿ ವೈರಿಗಳ ವಿಮಾನಗಳನ್ನು ಕಂಡುಹಿಡಿಯಲಿಕ್ಕೆ ಬೆಳೆದ ಈ ವಿದ್ಯೆಯನ್ನು ೧೯೪೦ರ ದಶಕದ ಕೊನೆಯಲ್ಲಿ ಅಮೇರಿಕದ ಕನೆಕ್ಟಿಕಟ್ ಸಂಸ್ಥಾನದ ಪೊಲೀಸರು ರಸ್ತೆಗೆ ತಂದರು.

ಇನ್ನು ಬ್ಯಾಂಡುಗಳ ಮಾತು. ರೇಡಿಯೋದಲ್ಲಿ ಧಾರವಾಡ ನಿಲಯಕ್ಕೊಂದು ಸ್ಥಾನ, ಬೆಂಗಳೂರಿಗೊಂದು ಸ್ಥಾನ ಇರುವಂತೆ ವೇಗ ಅಳೆಯುವ ರಾಡಾರುಗಳಿಗೂ ಗೊತ್ತುಪಡಿಸಿದ ಸ್ಥಾನಗಳಿವೆ. ಸೆಕೆಂಡಿಗೆ ನೂರು ಕೋಟಿ ಕಂಪನಗಳಾದರೆ ಅದಕ್ಕೆ ಒಂದು ಗಿಗಾಹರ್ಟ್ಸ್ ಎನ್ನುವರು. ಎಕ್ಸ್ ಬ್ಯಾಂಡು ೧೦.೫ ಗಿಗಾಹರ್ಟ್ಸಿನ ಆಸುಪಾಸಿನಲ್ಲಿಯೂ, ಕೆ ಬ್ಯಾಂಡು ೨೪.೧೫ರ ಆಸುಪಾಸಿನಲ್ಲಿಯೂ, ಕೆ-ಎ ಬ್ಯಾಂಡು ೩೩.೪ರಿಂದ ೩೬ರ ವರೆಗೂ ಹರಡಿವೆ. ಕೆಲವು ಪೆಟ್ಟಿಗೆಗಳಲ್ಲಿ ಯುರೋಪಿನ ಸಲುವಾಗಿ ೧೩.೪೫ರ ಸಮೀಪದ ಕೆ-ಯು ಎಂಬುದೂ ಉಂಟು. ಕೆ ಬ್ಯಾಂಡಿನ ಯಂತ್ರವನ್ನೇ ಉದಾಹರಣೆಗೆ ತೆಗೆದುಕೊಂಡರೆ, ತಾಸಿಗೆ ಒಂದು ಕಿಲೋಮೀಟರು ವೇಗಕ್ಕೆ ಮರಳಿದ ತರಂಗದಲ್ಲಿ ಸುಮಾರು ೪೫ ಕಂಪನಗಳ ವ್ಯತ್ಯಾಸ ಬೀಳುತ್ತದೆ. ೭೦ ಕಿಲೋಮೀಟರಿಗೆ ಸುಮಾರು ೩೧೩೦, ೧೦೦ ಕಿಲೋಮೀಟರಿಗೆ ಸುಮಾರು ೪೪೭೦. ಯಂತ್ರಕ್ಕೆ ಇದನ್ನು ಎಣಿಸಲು ಸೆಕೆಂಡಿನ ಒಂದಂಶವೂ ಸಾಕು.

ಹಾಗಾದರೆ ಪೆಟ್ಟಿಗೆಯು ಪೊಲೀಸರಿಗಿಂತ ಮೊದಲೇ ಎಚ್ಚರಿಸುವದು ಹೇಗೆ? ಬೆಟ್ಟದೆದುರು ನಿಂತು ಒಬ್ಬನು ಕೂಗಿದನೆನ್ನಿರಿ. ಅವನಿಗೆ ತನ್ನ ಧ್ವನಿಯು ಹೋಗಿ ತಿರುಗಿ ಬರಬೇಕು. ಬರುವಷ್ಟರಲ್ಲಿ ಅದು ಬಹಳ ಕ್ಷೀಣವಾಗಿರುತ್ತದೆ. ನಡುದಾರಿಯಲ್ಲಿ ನಿಂತವನ ಕಿವಿಗಾದರೋ ಆ ಕೂಗು ನೇರವಾಗಿಯೇ ಬೀಳುತ್ತದೆ. ಪೊಲೀಸರ ಯಂತ್ರಕ್ಕೆ ಹೋಗಿ ಬರುವ ತರಂಗ ಬೇಕು. ಪೆಟ್ಟಿಗೆಗೆ ಹೋಗುವ ತರಂಗವೊಂದೇ ಸಾಕು. ಆದುದರಿಂದ ಸತತವಾಗಿ ತರಂಗವನ್ನು ಸುರಿಸುತ್ತಿರುವ ರಾಡಾರಿದ್ದರೆ ಪೆಟ್ಟಿಗೆಯು ದೂರದಿಂದಲೇ ಅರಿಯಬಲ್ಲದು. ಪೊಲೀಸರೂ ಇದನ್ನು ಬಲ್ಲರು. ಅವರು ಯಂತ್ರವನ್ನು ಮೌನವಾಗಿಟ್ಟುಕೊಂಡು, ಗಾಡಿಯು ಸಮೀಪಕ್ಕೆ ಬಂದಾಗ ಮಾತ್ರ ಗುಂಡಿಯನ್ನೊತ್ತುವದುಂಟು. ಆಗ ಪೆಟ್ಟಿಗೆಯ ಕೂಗೂ ವೇಗದ ಲೆಕ್ಕವೂ ಕೂಡಿಯೇ ಮುಗಿಯುತ್ತವೆ.

ಈಗ ಕೇಳಿದ ಪ್ರಶ್ನೆಗೆ ನೇರವಾದ ಉತ್ತರ. ಅಮೇರಿಕದಲ್ಲಿ ಕೊಂಡ ಪೆಟ್ಟಿಗೆಯು ಅಮೇರಿಕದ ರಸ್ತೆಗೆ ಹೊಂದಿಸಿದ್ದಾಗಿರುತ್ತದೆ. ಅಲ್ಲಿಯ ಪೊಲೀಸರಲ್ಲಿ ಕೆ-ಎ ಬಹಳ. ಅದಕ್ಕಾಗಿ ಆ ಬ್ಯಾಂಡಿನ ಮೇಲೆಯೇ ಅದರ ಮುಖ್ಯ ಅವಧಾನ. ನಮ್ಮಲ್ಲಿ ಅದರ ಪ್ರಯೋಜನವು ಸ್ವಲ್ಪ; ಮುಚ್ಚಿದರೆ ಸುಳ್ಳು ಕೂಗು ಅಷ್ಟು ಕಡಿಮೆಯಾದೀತು. ಎಕ್ಸ್ ಬ್ಯಾಂಡಿನ ಪೊಲೀಸ್ ಯಂತ್ರಗಳು ಅಮೇರಿಕದಲ್ಲಿಯೇ ಹಳತಾಗಿ ಹೋಗಿವೆ, ಅದನ್ನೂ ಮುಚ್ಚಬಹುದು. ಕೆ-ಯು ಇದ್ದರೆ ಅದನ್ನೂ ಹಾಗೆಯೇ. ಕೆ ಬ್ಯಾಂಡನ್ನು ತೆರೆದಿಡಬೇಕು. ಆದರೆ ಬೇರೆ ಮೋಟಾರುಗಳ ರಾಡಾರನ್ನು ಸೋಸುವ ಸಾಧನವು ಪೆಟ್ಟಿಗೆಯಲ್ಲಿದ್ದರೆ ಅದನ್ನು ಅವಶ್ಯವಾಗಿ ಜೋಡಿಸಬೇಕು. ಏಕೆಂದರೆ ಹಿಂಬದಿಯ ಮೂಲೆಯಿಂದ ಬರುವ ಗಾಡಿಯನ್ನು ಚಾಲಕನಿಗೆ ತೋರಿಸುವ ರಾಡಾರು ಇತ್ತೀಚಿನ ಅನೇಕ ಮೋಟಾರುಗಳಲ್ಲಿ ಇರುತ್ತದೆ. ಅವುಗಳಲ್ಲಿ ಹಲವು ಇದೇ ೨೪ ಗಿಗಾಹರ್ಟ್ಸಿನಲ್ಲಿ ಕೆಲಸ ಮಾಡುತ್ತವೆ. ದೊಡ್ಡ ಅಂಗಡಿಗಳಲ್ಲಿ ತಾನೇ ತೆರೆಯುವ ಬಾಗಿಲುಗಳಲ್ಲಿಯೂ ಇಂಥ ತರಂಗವೇ ಇರುವದುಂಟು. ಪಾಪದ ಪೆಟ್ಟಿಗೆಗೆ ಪೊಲೀಸರಾರು, ಬಾಗಿಲಾವದು ಎಂಬ ಭೇದ ತಿಳಿಯದು. ಲೇಸರಿನ ಎಚ್ಚರಿಕೆಯನ್ನು ತೆರೆದಿಟ್ಟರೂ ಸರಿ, ಮುಚ್ಚಿದರೂ ಸರಿ. ಈ ಮಾತು ವಿಚಿತ್ರವಾಗಿ ಕಾಣಬಹುದಾದ್ದರಿಂದ ಸ್ವಲ್ಪ ಬಿಡಿಸಿ ಹೇಳುವೆನು.

ಲೇಸರ್ ಗನ್ನು ರೇಡಿಯೋ ತರಂಗವನ್ನು ಎಸೆಯುವದಿಲ್ಲ; ಕಣ್ಣಿಗೆ ಕಾಣದ ಬೆಳಕಿನ ಸಣ್ಣ ಸಣ್ಣ ತುಣುಕುಗಳನ್ನು ಎಸೆಯುತ್ತದೆ. ತುಣುಕು ಗಾಡಿಗೆ ತಾಗಿ ಮರಳಲು ಹಿಡಿದ ಕಾಲದಿಂದ ದೂರವನ್ನು ತಿಳಿಯುತ್ತದೆ. ೩೦೦ ಮೀಟರು ದೂರದ ಗಾಡಿಗೆ ಹೋಗಿ ಬರಲು ಸೆಕೆಂಡಿನ ಹತ್ತು ಲಕ್ಷದಲ್ಲಿ ಎರಡು ಪಾಲು ಮಾತ್ರ ಬೇಕು. ಹೀಗೆ ಒಂದರ ಹಿಂದೊಂದು ಅನೇಕ ತುಣುಕುಗಳನ್ನು ಕಳಿಸಿ, ದೂರವು ಎಷ್ಟು ಬೇಗ ಕಡಿಮೆಯಾಯಿತೆಂಬುದರಿಂದ ವೇಗವನ್ನು ಲೆಕ್ಕಮಾಡುತ್ತದೆ. ರಾಡಾರಿನ ತರಂಗವು ಕಂದೀಲಿನ ಬೆಳಕಿನಂತೆ ರಸ್ತೆಯ ತುಂಬ ಹರಡಿದರೆ, ಲೇಸರಿನ ಕಿರಣವು ಸೂಜಿಯಂತೆ ಹೋಗುತ್ತದೆ. ೩೦೦ ಮೀಟರು ದೂರದಲ್ಲಿಯೂ ಅದರ ಅಗಲವು ಹೆಚ್ಚೆಂದರೆ ಒಂದು ಮೀಟರಿನಷ್ಟು. ಪೊಲೀಸರು ಅದನ್ನು ಗುರಿಯಿಟ್ಟು ಎದುರಿನ ನಂಬರಿನ ಫಲಕದ ಮೇಲೆ ಬಿಡುತ್ತಾರೆ. ಮುಂಗಾಜಿಗೆ ಅಂಟಿಸಿದ ಪೆಟ್ಟಿಗೆಗೆ ಆ ಬೆಳಕು ತಾಗದೆಯೂ ಹೋಗಬಹುದು. ತಾಗಿದರೆ, ಅದು ಕೂಗುವ ಹೊತ್ತಿಗೆ ಲೆಕ್ಕವು ಮುಗಿದು ಛಾಯಾಚಿತ್ರವೂ ಆಗಿರುತ್ತದೆ. ಅದು ಎಚ್ಚರಿಕೆಯ ಗಂಟೆಯಲ್ಲ; ದಂಡ ಬಿದ್ದ ಪಾವತಿ. ನಮ್ಮ ರಾಜ್ಯದ ಹೆದ್ದಾರಿಗಳಲ್ಲಿ ಲೇಸರಿನ ಗನ್ನುಗಳ ಬಳಕೆಯು ಸಾಕಷ್ಟಿರುವದರಿಂದ ಬ್ಯಾಂಡುಗಳ ಜೋಡಣೆಯನ್ನು ನಂಬಿ ಕುಳಿತವನು ಮೋಸಹೋಗುವದೇ ಹೆಚ್ಚು.

ಇದಕ್ಕೂ ಮೀರಿದ ಮತ್ತೊಂದು ಕ್ರಮವುಂಟು. ಬೆಂಗಳೂರು-ಮೈಸೂರು ಹೆದ್ದಾರಿಯಲ್ಲಿ ೨೦೨೪ರಿಂದ ಗಾಡಿಯ ಸರಾಸರಿ ವೇಗವನ್ನೂ ನೋಡುವ ಏರ್ಪಾಡು ಬಂದಿತು. ಒಂದು ಕಮಾನಿನ ಕೆಮರಾ ಗಾಡಿಯ ನಂಬರನ್ನೂ ವೇಳೆಯನ್ನೂ ಬರೆದುಕೊಳ್ಳುತ್ತದೆ. ಮುಂದಿನ ಕಮಾನಿನದು ಅದೇ ನಂಬರನ್ನು ತಿರುಗಿ ಕಂಡಾಗ ವೇಳೆಯನ್ನು ಬರೆಯುತ್ತದೆ. ಹತ್ತು ಕಿಲೋಮೀಟರಿನ ಅಂತರವನ್ನು ಐದು ನಿಮಿಷದಲ್ಲಿ ದಾಟಿದವನ ವೇಗವು ತಾಸಿಗೆ ೧೨೦ ಎಂದು ಹೇಳಲಿಕ್ಕೆ ಮೂರನೆಯ ಇಯತ್ತೆಯ ಹುಡುಗನೂ ಸಾಕು. ಇಲ್ಲಿ ರಾಡಾರು ಬೇಕಿಲ್ಲ, ಲೇಸರೂ ಬೇಕಿಲ್ಲ. ಎಸೆಯುವ ತರಂಗವೇ ಇಲ್ಲದಲ್ಲಿ ಕೇಳುವ ಪೆಟ್ಟಿಗೆಯು ಏನನ್ನು ಕೇಳೀತು? ಕೆಮರಾದ ಕೆಳಗೆ ಮಾತ್ರ ನಿಧಾನಿಸಿ ಮುಂದೆ ಓಡುವ ಜಾಣತನವೂ ಇಲ್ಲಿ ನಡೆಯದು.

ಕಾಯದೆಯ ಸಂಗತಿಯನ್ನೂ ಗೃಹಸ್ಥರು ತಿಳಿದಿರತಕ್ಕದ್ದು. ೧೯೮೮ರ ಮೋಟಾರು ವಾಹನಗಳ ಕಾಯದೆಯನ್ನು ೨೦೧೯ರಲ್ಲಿ ತಿದ್ದಿದಾಗ ಅತಿವೇಗದ ದಂಡವು ಹಗುರ ಮೋಟಾರಿಗೆ ೧೦೦೦ದಿಂದ ೨೦೦೦ ರೂಪಾಯಿ, ಭಾರದ ಗಾಡಿಗಳಿಗೆ ೨೦೦೦ದಿಂದ ೪೦೦೦ ರೂಪಾಯಿ ಎಂದಾಯಿತು. ಅದೇ ತಪ್ಪನ್ನು ಮತ್ತೆ ಮಾಡಿದರೆ ಲೈಸೆನ್ಸನ್ನು ಕಸಿದುಕೊಳ್ಳುವ ಅಧಿಕಾರವೂ ಬಂದಿತು. ಕರ್ನಾಟಕದಲ್ಲಿ ೨೦೨೪ರ ಆಗಸ್ಟ್ ೧ರಿಂದ ತಾಸಿಗೆ ೧೩೦ ಕಿಲೋಮೀಟರು ಮೀರಿದವರ ಮೇಲೆ ಕ್ರಿಮಿನಲ್ ಖಟ್ಲೆಯನ್ನೇ ಹೂಡುವದಾಗಿ ಪೊಲೀಸರು ಸಾರಿದರು. ಇನ್ನು ಪೊಲೀಸರ ಯಂತ್ರವನ್ನೇ ಕೆಡಿಸಲು ತಾನೇ ತರಂಗ ಎಸೆಯುವ ‘ಜಾಮರ್’ ಎಂಬ ಸಾಧನವುಂಟು; ಖಾಸಗಿಯವರು ಅದನ್ನು ಬಳಸುವದು ನಮ್ಮ ದೇಶದಲ್ಲಿ ಅಪರಾಧ. ಅದನ್ನು ಯಾರಾದರೂ ತಂದು ಕೊಡುತ್ತೇನೆಂದರೆ ಮನೆಯ ಹೊಸ್ತಿಲು ದಾಟಿಸಬೇಡಿರಿ. ಕೇಳುವ ಪೆಟ್ಟಿಗೆಯು ಅದಕ್ಕಿಂತ ಬೇರೆ. ಆದರೆ ಅಮೇರಿಕದ ವರ್ಜಿನಿಯಾದಲ್ಲಿಯೂ ಕೆನಡಾದ ಒಂಟಾರಿಯೋದಲ್ಲಿಯೂ ಮೋಟಾರಿನಲ್ಲಿ ಅದನ್ನು ಇಟ್ಟುಕೊಳ್ಳುವದಕ್ಕೂ ನಿಷೇಧವಿದೆಯೆಂಬುದು ನೆನಪಿರಲಿ. ಒಂದು ಊರಿನಲ್ಲಿ ಕೊಂಡದ್ದು ಇನ್ನೊಂದು ಊರಿನಲ್ಲಿ ಸಲ್ಲುವದೆಂದು ಭಾವಿಸಬಾರದು. ಗಾಜಿಗೆ ಅಂಟಿಸುವ ಮೊದಲು ವಕೀಲರೊಬ್ಬರನ್ನು ಕೇಳುವದು ಲೇಸು.

ಕಾಯದೆಯು ಜನರ ಪಕ್ಷಕ್ಕೂ ಒಂದು ಮಾತನ್ನು ಹೇಳಿದೆ. ಯಂತ್ರಗಳ ಮೂಲಕ ದಂಡ ಹಾಕುವದಕ್ಕೆ ೨೦೨೧ರ ಆಗಸ್ಟಿನಲ್ಲಿ ಕೇಂದ್ರ ಸರಕಾರವು ನಿಯಮಗಳನ್ನು ಮಾಡಿತು. ಅವುಗಳ ಪ್ರಕಾರ ಯಂತ್ರವಿಟ್ಟು ಕಾಯುವ ರಸ್ತೆಯ ಮೊದಲಿಗೇ ಎಲ್ಲರಿಗೂ ಕಾಣುವಂತೆ ಎಚ್ಚರಿಕೆಯ ಫಲಕವಿರಬೇಕು. ಯಂತ್ರವು ಸರಿಯಾಗಿದೆಯೆಂಬ ಪ್ರಮಾಣಪತ್ರವನ್ನು ವರುಷವರುಷವೂ ಹೊಸದು ಮಾಡಿಸಬೇಕು. ತಪ್ಪು ನಡೆದ ಹದಿನೈದು ದಿನಗಳೊಳಗೆ ನೋಟೀಸು ಕಳಿಸಬೇಕು. ಮನೆಗೆ ಬಂದ ನೋಟೀಸನ್ನು ಕಂಡು ಬೈಯುವದಕ್ಕಿಂತ ಅದರಲ್ಲಿಯ ತಾರೀಖು, ಸ್ಥಳ, ನಂಬರು, ಛಾಯಾಚಿತ್ರ ಇವುಗಳನ್ನು ತಾಳೆ ನೋಡಿರಿ. ತಪ್ಪಿದ್ದರೆ ತಕರಾರು ಮಾಡುವ ಹಕ್ಕು ನಿಮಗುಂಟು. ಇನ್ನು ಆ ಎಚ್ಚರಿಕೆಯ ಫಲಕವಾದರೋ ಸರಕಾರವೇ ಪುಕ್ಕಟೆಯಾಗಿ ಕೊಟ್ಟ ಡಿಟೆಕ್ಟರು. ಅದಕ್ಕೆ ಬ್ಯಾಂಡುಗಳ ಗೊಡವೆಯಿಲ್ಲ, ಕಣ್ಣು ತೆರೆದಿದ್ದರಾಯಿತು.

ಇಷ್ಟನ್ನು ಬರೆದು ಕಳಿಸಿದ್ದರೆ ಯಜಮಾನರ ಪ್ರಶ್ನೆಯು ತೀರುತ್ತಿತ್ತು. ಆದರೆ ಯಜಮಾನಿಯವರ ಮೂರು ಸಾಲುಗಳು ನನ್ನ ಮನಸ್ಸನ್ನು ಬಿಡಲಿಲ್ಲ. ಒಂದು ರವಿವಾರ ಹುಬ್ಬಳ್ಳಿಗೆ ಹೋಗುವ ಕೆಲಸವಿದ್ದುದರಿಂದ ಗಬ್ಬೂರಕ್ಕೂ ಹೋದೆನು. ಆ ತಾಯಿಯವರು ಧಾರವಾಡದಾಚೆಗಿರುವ ಮಗಳ ಮನೆಗೆ ಹೊರಟಿದ್ದರು. “ಬರ್ರಿ, ನೀವೂ ಕೂತು ನೋಡ್ರಿ” ಎಂದರು. ನಾನು ಹಿಂದಿನ ಸೀಟಿನಲ್ಲಿ ಅವರ ಮಗ್ಗುಲಿಗೆ ಕುಳಿತೆನು.

ಗಬ್ಬೂರದ ಬಳಿಯಿಂದ ಹೊರಟು ಊರುಗಳನ್ನು ಹೊರಗಿನಿಂದ ಸುತ್ತಿ ಧಾರವಾಡದಾಚೆಯ ನರೇಂದ್ರಕ್ಕೆ ಕೂಡುವ ಈ ಬೈಪಾಸು ಸುಮಾರು ೩೦ ಕಿಲೋಮೀಟರಿನದು. ಪುಣೆ-ಬೆಂಗಳೂರು ಹೆದ್ದಾರಿಯು ಹಿಂದೂ ಮುಂದೂ ಅಗಲವಾಗಿದ್ದು, ಬಹುಕಾಲ ಇಲ್ಲಿ ಮಾತ್ರ ಎರಡೇ ಸಾಲಿನ ರಸ್ತೆಯಾಗಿ ಉಳಿದಿತ್ತು. ಹೋಗುವವರಿಗೂ ಬರುವವರಿಗೂ ನಡುವೆ ಗೋಡೆಯಿರಲಿಲ್ಲ. ಅಗಲಮಾಡುವ ಕೆಲಸವನ್ನು ಈಚಿನ ವರುಷಗಳಲ್ಲಿ ಕೈಕೊಂಡರು. ೨೦೨೧ರ ಜನೇವರಿ ೧೫ರ ಬೆಳಿಗ್ಗೆ ಇದೇ ದಾರಿಯಲ್ಲಿ ಇಟಿಗಟ್ಟಿಯ ಹತ್ತರ, ಗೋವೆಗೆ ಹೊರಟಿದ್ದ ದಾವಣಗೆರೆಯ ಗೆಳತಿಯರ ಸಣ್ಣ ಬಸ್ಸಿಗೂ ಒಂದು ಟಿಪ್ಪರಿಗೂ ಡಿಕ್ಕಿಯಾಗಿ ಹತ್ತಕ್ಕೂ ಹೆಚ್ಚು ಜನ ಮಡಿದರು. ಶಾಲೆಯಲ್ಲಿ ಕೂಡಿ ಕಲಿತವರು, ಸಂಸಾರದ ಭಾರವನ್ನು ಎರಡು ದಿನ ಮರೆತು ಬರೋಣವೆಂದು ಹೊರಟವರು. ಅಂದಿನಿಂದ ಈ ದಾರಿಯ ಹೆಸರು ಕೇಳಿದರೆ ನಮ್ಮ ಕಡೆಯ ಹೆಂಗಸರ ಎದೆಯು ನಡುಗುವದು ಸಹಜ.

ನಾವು ಹೊರಟು ಎರಡು ಮೈಲು ಹೋಗಿರಲಿಲ್ಲ, ಪೆಟ್ಟಿಗೆಯು ಕೂಗಿತು. ಹುಡುಗನ ಕಾಲು ಬ್ರೇಕಿನ ಮೇಲೆ ಬಿದ್ದಿತು. ಹಿಂದಿನ ಲಾರಿಯವನು ಉದ್ದಕ್ಕೆ ಹಾರ್ನು ಬಾರಿಸಿದನು. ಪೊಲೀಸರು ಎಲ್ಲಿಯೂ ಇರಲಿಲ್ಲ. ಮುಂದೆ ಹೊಸ ಮೋಟಾರೊಂದು ಹೋಗುತ್ತಿತ್ತು. ನರೇಂದ್ರವನ್ನು ಮುಟ್ಟುವದರೊಳಗೆ ಪೆಟ್ಟಿಗೆಯು ಏಳು ಸಲ ಕೂಗಿತು, ಏಳು ಸಲವೂ ಬ್ರೇಕು ಬಿದ್ದಿತು. ಒಮ್ಮೆಯಾದರೂ ಪೊಲೀಸರು ಕಾಣಲಿಲ್ಲ. ತಾಯಿಯವರು ಪ್ರತಿಸಲವೂ ಮುಂದಿನ ಸೀಟನ್ನು ಎರಡೂ ಕೈಗಳಿಂದ ಹಿಡಿದುಕೊಳ್ಳುತ್ತಿದ್ದರು. ಹುಡುಗನು ಒಳ್ಳೆಯವನು, ತಾಯಿಯ ಮೇಲೆ ಜೀವವಿಟ್ಟವನು. ಅವನಿಗೆ ಕಾಣುತ್ತಿದ್ದುದು ಒಂದೇ: ಪೆಟ್ಟಿಗೆಯ ದೀಪ. ಹಿಂದಿನ ಲಾರಿಯು ಕಾಣುತ್ತಿದ್ದುದು ತಾಯಿಗೆ.

ಮಗಳ ಮನೆಯಲ್ಲಿ ಚಹಾ ಕುಡಿಯುವಾಗ ಒಂದು ಕಾಗದ ತೆಗೆದುಕೊಂಡು ಅವನೊಡನೆ ಲೆಕ್ಕಕ್ಕೆ ಕುಳಿತೆನು. ಮೂವತ್ತು ಕಿಲೋಮೀಟರನ್ನು ತಾಸಿಗೆ ೭೦ರಂತೆ ಹೋದರೆ ಹೆಚ್ಚು ಕಡಿಮೆ ೨೬ ನಿಮಿಷ. ೧೦೦ರಂತೆ ಹೋದರೆ ೧೮ ನಿಮಿಷ. ಉಳಿಯುವದು ಎಂಟು ನಿಮಿಷ. ಅದೂ ಮುಂದೆ ಒಂದು ಗಾಡಿಯೂ ಅಡ್ಡ ಬರದಿದ್ದರೆ. ಇನ್ನು ನಿಲ್ಲುವ ಲೆಕ್ಕ. ಎದುರಿಗೆ ಅಪಾಯ ಕಂಡು ಕಾಲು ಬ್ರೇಕಿಗೆ ಹೋಗಲು ಒಂದು ಸೆಕೆಂಡು ಬೇಕೆನ್ನಿರಿ. ಒಣ ರಸ್ತೆ, ಒಳ್ಳೆಯ ಟಾಯರು, ಗಟ್ಟಿ ಬ್ರೇಕು ಇದ್ದರೆ ೭೦ರಲ್ಲಿ ಹೋಗುವ ಮೋಟಾರು ಆ ಸೆಕೆಂಡಿನಲ್ಲಿ ೧೯ ಮೀಟರು ಹೋಗಿ, ಬ್ರೇಕು ಹಿಡಿದ ಮೇಲೆ ಸುಮಾರು ೨೭ ಮೀಟರು ಸಾಗಿ, ಒಟ್ಟು ೪೬ ಮೀಟರಿನಲ್ಲಿ ನಿಲ್ಲುತ್ತದೆ. ೧೦೦ರಲ್ಲಿ ಹೋಗುವದು ಅದೇ ಸೆಕೆಂಡಿನಲ್ಲಿ ೨೮ ಮೀಟರು ಹೋಗಿ, ಮೇಲೆ ೫೫ ಮೀಟರು ಸಾಗಿ, ಒಟ್ಟು ೮೩ ಮೀಟರಿಗೆ ನಿಲ್ಲುತ್ತದೆ. ವೇಗವು ಒಂದೂವರೆ ಪಟ್ಟಿಗಿಂತಲೂ ಕಡಿಮೆ ಏರಿತು. ಬ್ರೇಕಿನ ದೂರವು ಎರಡು ಪಟ್ಟಾಯಿತು.

“ಈಗ ಹೇಳು,” ಎಂದೆನು, “ಮೊದಲಿನ ಮೋಟಾರು ಸಂಪೂರ್ಣವಾಗಿ ನಿಂತ ೪೬ನೆಯ ಮೀಟರಿನಲ್ಲಿ ಎರಡನೆಯದರ ವೇಗವು ಎಷ್ಟಿದ್ದೀತು?”

ಅವನು ತಡೆದು, “ಮೂವತ್ತೋ ನಲವತ್ತೋ ಇರಬಹುದ್ರಿ” ಎಂದನು.

ಲೆಕ್ಕಮಾಡಿ ತೋರಿಸಿದೆನು. ತಾಸಿಗೆ ೮೦! ಅಲ್ಲಿ ಒಂದು ಎಮ್ಮೆ ಅಡ್ಡ ಬಂದಿದ್ದರೆ, ಒಂದು ಕೂಸು ಚೆಂಡಿನ ಹಿಂದೆ ಓಡಿ ಬಂದಿದ್ದರೆ, ಮೊದಲಿನವನು ಬೆವರು ಒರೆಸಿಕೊಂಡು ಮನೆಗೆ ಹೋಗುವನು. ಎರಡನೆಯವನು ೮೦ರ ವೇಗದಲ್ಲಿ ಹೋಗಿ ಬಡಿಯುವನು. ಹುಡುಗನು ಕಾಗದವನ್ನು ತನ್ನ ಕಡೆಗೆ ಎಳೆದುಕೊಂಡು ತಾನೇ ತಿರುಗಿ ಲೆಕ್ಕಮಾಡಿದನು. ಅವನಿಗೂ ಅಷ್ಟೇ ಬಂದಿತು. ಅವನು ಮಾತಾಡಲಿಲ್ಲ. ಅವನ ತಾಯಿಯವರಿಗೆ ಲೆಕ್ಕ ತಿಳಿಯಲಿಲ್ಲ; ಮಗನ ಮುಖ ನೋಡಿದರು, ಅಷ್ಟರಿಂದ ತಿಳಿದುಕೊಂಡರು.

ಆಮೇಲೆ ಅವನೇ ಕೇಳಿದನು: “ಹಂಗಾದ್ರ ಎಚ್ಚರಿಸಾಕ ಏನೂ ಬ್ಯಾಡೇನ್ರಿ? ನನಗ ವೇಗ ಏರಿದ್ದು ಗೊತ್ತೇ ಆಗೂದಿಲ್ಲ.” ಈ ಮಾತು ನಿಜ. ಈಗಿನ ಮೋಟಾರುಗಳು ಸಪ್ಪಳ ಮಾಡುವದಿಲ್ಲ, ಅದುರುವದಿಲ್ಲ; ಒಳಗೆ ಕುಳಿತವನಿಗೆ ೬೦ಕ್ಕೂ ೯೦ಕ್ಕೂ ಭೇದವು ತಿಳಿಯದು. ವೇಗದ ತಪ್ಪು ಮಾಡುವವರೆಲ್ಲರೂ ಪುಂಡರೆಂದು ತಿಳಿಯಬಾರದು. ಬಹಳ ಜನರಿಗೆ ಅರಿವಿಲ್ಲದೆಯೇ ಕಾಲು ಒತ್ತಿರುತ್ತದೆ. ಅದಕ್ಕೆಂದೇ ೨೦೧೯ರ ಜುಲೈ ೧ರ ತರುವಾಯ ನಮ್ಮ ದೇಶದಲ್ಲಿ ತಯಾರಾದ ಕಾರುಗಳಲ್ಲಿ ವೇಗದ ಎಚ್ಚರಿಕೆಯ ಗಂಟೆಯನ್ನು ಕಡ್ಡಾಯ ಮಾಡಿದರು. ವೇಗವು ೮೦ನ್ನು ಮೀರಿದರೆ ಅದು ಆಗಾಗ ಮಿಡಿಯುತ್ತದೆ; ೧೨೦ನ್ನು ಮೀರಿದರೆ ಬಿಡದೆ ಬಡಿದುಕೊಳ್ಳುತ್ತದೆ. ಹುಡುಗನ ಕಾರು ೨೦೨೨ರದು.

“ನಿನ್ನ ಕಾರಿನಲ್ಲಿ ಆ ಗಂಟೆ ಬಡಿಯುವದಿಲ್ಲವೇನು?” ಎಂದು ಕೇಳಿದೆನು.

ಅವನು ನಾಚಿ ನಕ್ಕನು. “ಬಡೀತದ್ರಿ. ಕಿರಿಕಿರಿ ಅಂತ ಹಾಡು ಜೋರ ಹಚ್ಚಿರತೇನಿ.”

ಮನೆಯ ನಾಯಿ ಬೊಗಳಿದರೆ ಗದರಿಸಿ, ಪರದೇಶದಿಂದ ಬೇರೆ ನಾಯಿಯನ್ನು ತರಿಸಿದಂತಾಯಿತು ಇದು! ಎರಡು ಗಂಟೆಗಳಿಗೂ ಇರುವ ಭೇದವನ್ನು ಗೃಹಸ್ಥರು ಚೆನ್ನಾಗಿ ಮನಗಾಣಬೇಕು. ಪರದೇಶದ ಪೆಟ್ಟಿಗೆಯು ‘ಪೊಲೀಸರು ನೋಡುತ್ತಿರಬಹುದು’ ಎನ್ನುತ್ತದೆ. ಅದೂ ಎಷ್ಟೋ ಸಲ ಸುಳ್ಳು. ಕಾರಿನ ಗಂಟೆಯು ‘ನಿನ್ನ ವೇಗ ಹೆಚ್ಚಾಗಿದೆ’ ಎನ್ನುತ್ತದೆ; ಅದು ಯಾವಾಗಲೂ ನಿಜ. ಮೊದಲಿನದಕ್ಕೆ ಉತ್ತರವಾಗಿ ಚಾಲಕನು ಗಾಬರಿಯಾಗಿ ಬ್ರೇಕು ತುಳಿಯುವನು. ಎರಡನೆಯದಕ್ಕೆ ಕಾಲನ್ನು ಮೆಲ್ಲಗೆ ಸಡಿಲಿಸಿದರೆ ಸಾಕು. ಗಬ್ಬೂರದಿಂದ ನರೇಂದ್ರದ ವರೆಗಿನಂಥ ಇಕ್ಕಟ್ಟಿನ ದಾರಿಯಲ್ಲಿ, ಹಿಂದೆ ಮರಳು ತುಂಬಿದ ಟಿಪ್ಪರು ಬರುತ್ತಿರುವಾಗ, ಈ ಎರಡರ ನಡುವಿನ ಅಂತರವು ಸಾವಿರ ರೂಪಾಯಿಗಳದಲ್ಲ.

ಆದುದರಿಂದ ಯಜಮಾನರಿಗೆ ನನ್ನ ಸಲಹೆಯು ಹೀಗಿದೆ. ಪೆಟ್ಟಿಗೆಯನ್ನು ಇಟ್ಟುಕೊಳ್ಳಲೇಬೇಕೆಂದಿದ್ದರೆ, ಅದು ಸಲ್ಲುವದೆಂದು ವಕೀಲರಿಂದ ತಿಳಿದ ಮೇಲೆ, ಮೇಲೆ ಹೇಳಿದಂತೆ ಕೆ ಬ್ಯಾಂಡೊಂದನ್ನು ಸೋಸುವ ಸಾಧನದೊಡನೆ ತೆರೆದಿಟ್ಟು ಉಳಿದವುಗಳನ್ನು ಮುಚ್ಚಿಸಿರಿ. ಕೂಗಿನ ಧ್ವನಿಯನ್ನು ಎಲ್ಲಕ್ಕೂ ಕೆಳಗಿಳಿಸಿರಿ. ಕೂಗಿದರೆ ಬ್ರೇಕು ತುಳಿಯಬಾರದೆಂದು ಮಗನಿಂದ ಮಾತು ತೆಗೆದುಕೊಳ್ಳಿರಿ. ಮೊಬೈಲಿನ ನಕಾಶೆಯು ರಸ್ತೆಯ ವೇಗಮಿತಿಯನ್ನು ತೋರಿಸುವದಿದ್ದರೆ ಅದನ್ನು ಹೊರಡುವ ಮೊದಲೇ ಜೋಡಿಸಲಿ, ಓಡಿಸುವಾಗ ಮುಟ್ಟಬಾರದು. ನಕಾಶೆಗೂ ರಸ್ತೆಯ ಫಲಕಕ್ಕೂ ಭೇದ ಕಂಡರೆ ಫಲಕವೇ ಪ್ರಮಾಣ. ಕೆಲವು ಕಾರುಗಳಲ್ಲಿ ನಮಗೆ ಬೇಕಾದ ವೇಗಕ್ಕೆ ಎಚ್ಚರಿಕೆಯನ್ನು ಇಟ್ಟುಕೊಳ್ಳುವ ಅನುಕೂಲವಿರುತ್ತದೆ. ಇದ್ದರೆ ಬೈಪಾಸಿನ ಫಲಕದಲ್ಲಿಯ ಅಂಕಿಗೆ ಅದನ್ನು ಹೊಂದಿಸಿರಿ. ನಿಮ್ಮ ಪತ್ರದಲ್ಲಿ ಕೇಳಿದ ‘ಜೋಡಣೆ’ಗಳಲ್ಲಿ ನಿಜವಾಗಿ ಪ್ರಯೋಜನಕ್ಕೆ ಬರುವದು ಇದೊಂದೇ.

ಯಜಮಾನಿಯವರಿಗೆ ಉತ್ತರವನ್ನು ಅಂದು ಸಂಜೆಯೇ ಅವರ ಮಗನು ಕೊಟ್ಟನು. ತಿರುಗಿ ಹೊರಡುವಾಗ ಪೆಟ್ಟಿಗೆಯನ್ನು ಗಾಜಿನಿಂದ ಬಿಚ್ಚಿ ಮುಂದಿನ ಖಾನೆಯಲ್ಲಿಟ್ಟನು. ಹಾಡಿನ ಧ್ವನಿಯನ್ನು ತಗ್ಗಿಸಿದನು. ನರೇಂದ್ರ ದಾಟಿ ಸ್ವಲ್ಪ ದೂರ ಬಂದಾಗ ಕಾರಿನ ಗಂಟೆಯು ಮಿಡಿಯಿತು. ಅವನು ಕಾಲನ್ನು ಸಡಿಲಿಸಿದನು. ಮುಳ್ಳು ಮೆಲ್ಲಗೆ ಕೆಳಗಿಳಿಯಿತು. ಹಿಂದಿನವರಾರೂ ಹಾರ್ನು ಬಾರಿಸಲಿಲ್ಲ. ಗಬ್ಬೂರವನ್ನು ಮುಟ್ಟಲು ಹೋಗುವಾಗಿಗಿಂತ ಆರು ನಿಮಿಷ ಹೆಚ್ಚು ಹಿಡಿಯಿತು. ಇಟಿಗಟ್ಟಿಯ ಹತ್ತರ ನಾನು ಮಗ್ಗುಲಿಗೆ ನೋಡಿದೆನು. ಮುಂದಿನ ಸೀಟನ್ನು ಹಿಡಿಯುತ್ತಿದ್ದ ಆ ಎರಡು ಕೈಗಳು ಮಡಿಲಲ್ಲಿದ್ದವು. ತಾಯಿಯವರು ಕಿಟಕಿಗೆ ತಲೆಯಾನಿಸಿ ನಿದ್ದೆ ಹೋಗಿದ್ದರು.